ಸ್ಪಷ್ಟನೆ: ಗಂಟಿರುವ ಸೊಟ್ಟ ಮರದಲ್ಲೂ ಬಿಲ್ಲು ಮಾಡಬಹುದು

‘ಬಿಲ್ಲಿಗೆ ಗಂಟಿಲ್ಲದ ನೇರ ಮರವೇ ಬೇಕು, ಸೊಟ್ಟಗಿದ್ದರೆ ಗರಗಸದಲ್ಲಿ ಕೊಯ್ದು ನೇರ ಮಾಡಿಕೊಳ್ಳಿ’ ಎಂಬ ಮಾತು ಓಡಾಡುತ್ತಿದೆ. ನೇರ ಮರ ಸಿಕ್ಕರೆ ಕೆಲಸ ಸುಲಭ, ನಿಜ. ಆದರೆ ಗರಗಸದ ಸಲಹೆ ತಪ್ಪು.

ಬಿಲ್ಲನ್ನು ಎಳೆದಾಗ ಗುರಿಯ ಕಡೆಗಿರುವ ಮುಖ ಹಿಗ್ಗುತ್ತದೆ. ಅಲ್ಲಿ ಮರದ ನಾರು ತುದಿಯಿಂದ ತುದಿಗೆ ತುಂಡಾಗದೆ ಇರಬೇಕು. ಗರಗಸ ನೇರ ಹೋಗುತ್ತದೆ, ಸೊಟ್ಟ ಮರದ ನಾರು ಹೋಗುವುದಿಲ್ಲ ಅಲ್ವಾ? ನಾರು ಕಡಿದ ಜಾಗದಲ್ಲೇ ಬಿಲ್ಲು ಸೀಳು ಬಿಡುತ್ತದೆ. ಅದಕ್ಕೇ ಅಮೆರಿಕದಲ್ಲಿ ಓಸೇಜ್ ಆರೆಂಜ್ ಮರದ ಬಿಲ್ಲು ಮಾಡುವವರು ಆ ಮುಖದಲ್ಲಿ ಒಂದೇ ಬೆಳವಣಿಗೆ ಉಂಗುರ (ಮರ ಒಂದು ವರ್ಷದಲ್ಲಿ ಬೆಳೆದ ಪದರ) ಹಿಡಿದು, ಮರ ತಿರುಗಿದಂತೆ ತಾವೂ ತಿರುಗಿ ಕೆತ್ತುತ್ತಾರೆ. ಗಂಟಿನ ಸುತ್ತ ಸ್ವಲ್ಪ ಜಾಸ್ತಿ ಮರ ಬಿಡುತ್ತಾರೆ.

ಇದು ಹೊಸ ಉಪಾಯವೇನಲ್ಲ. 1545ರಲ್ಲಿ ಮುಳುಗಿದ ಇಂಗ್ಲೆಂಡಿನ ಮೇರಿ ರೋಸ್ ಹಡಗಿನಲ್ಲಿ ನೂರಕ್ಕೂ ಹೆಚ್ಚು ಯೂ ಮರದ ಬಿಲ್ಲುಗಳು ಸಿಕ್ಕಿವೆ. ಗಂಟಿನ ಬಳಿ ಮರವನ್ನು ಉಬ್ಬಾಗಿ ಉಳಿಸಿದ್ದು ಅವುಗಳಲ್ಲೂ ಕಾಣುತ್ತದೆ.

ಬಿಲ್ಲು ನೋಡಲು ಹಾವಿನಂತಿದ್ದರೂ ತೊಂದರೆ ಇಲ್ಲ. ಹೆದೆ ಹಿಡಿಯ ಮೇಲೆ ಹಾದುಹೋದರೆ ಸಾಕು. ಹೆದೆ ಪಕ್ಕಕ್ಕೆ ಸರಿದರೆ ಮರವನ್ನು ಹಬೆಯಲ್ಲಿ ಬಿಸಿ ಮಾಡಿ ಬಾಗಿಸಬಹುದು. ಅಡ್ಡಕ್ಕೆ ಬಿರುಕು ಬಿಟ್ಟ ಮರವನ್ನು ಮಾತ್ರ ಸುಮ್ನೆ ಒಲೆಗೆ ಹಾಕಿ.