ಡಬ್ಬದ ಮೇಲಿನ ಎರಡು ಹಿಡಿ

ಹೋದ ವಾರ ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಬಸ್ಸಲ್ಲಿ ಬರುವಾಗ ಪಕ್ಕದಲ್ಲಿದ್ದ ಗೆಳತಿ ಕೇಳಿದಳು: "ಸ್ವರ್ಗ ಸಿಗುತ್ತೆ ಅಂತ ಒಳ್ಳೇದು ಮಾಡೋದು ಒಂಥರಾ ವ್ಯಾಪಾರ ಅಲ್ವಾ? ನಿಮ್ಮ ಬೈಬಲ್ಲಿನಲ್ಲಿ ಇರೋದು ಅದೇ ತಾನೇ?" ಚುಚ್ಚೋಕೆ ಕೇಳಿದ್ದಲ್ಲ, ತಿಳಿಯಬೇಕು ಅಂತಲೇ ಕೇಳಿದ್ದು. ಮಂಡಗದ್ದೆ ದಾಟಿದರೂ ನನಗೆ ಸರಿಯಾದ ಉತ್ತರ ಹೊಳೆಯಲಿಲ್ಲ. ಮನೆಗೆ ಬಂದು ಕೈಕಾಲು ತೊಳೆಯುವಾಗ ಅಮ್ಮನ ಅಡಿಕೆ ಡಬ್ಬ ನೆನಪಾಯಿತು.

ನಾನು ಚಿಕ್ಕವಳಿದ್ದಾಗ ಅಮ್ಮ ಅಡಿಕೆ ಸುಲಿಯೋಕೆ ಹೋಗುತ್ತಿದ್ದರು. ಕೊಯ್ಲಿನ ಕಾಲದಲ್ಲಿ ಸಂಜೆ ಊಟ ಮುಗಿಸಿ ತೋಟದವರ ಅಂಗಳಕ್ಕೆ ಹೊರಟರೆ ವಾಪಸ್ ಬರುವಾಗ ಹನ್ನೊಂದೋ ಹನ್ನೆರಡೋ. ನನ್ನನ್ನೂ ಕರೆದುಕೊಂಡು ಹೋಗುತ್ತಿದ್ದರು. ಚಪ್ಪರದ ಕೆಳಗೆ ಒಂದೇ ಬಲ್ಬು. ಹೆಂಗಸರು ಸಾಲಾಗಿ ಮೆಟ್ಟುಗತ್ತಿ ಹಾಕಿಕೊಂಡು ಕೂತಿರುತ್ತಿದ್ದರು. ಚಳಿ ಅಂದ್ರೆ ಮೂಳೆಗೆ ಇಳಿಯೋ ಚಳಿ. ಅಡಿಕೆಯ ಕರೆ ಹತ್ತಿ ಅಮ್ಮನ ಬೆರಳುಗಳು ಕಪ್ಪಾಗಿರುತ್ತಿದ್ದವು, ಸೀಸನ್ ಮುಗಿದು ತಿಂಗಳಾದರೂ ಬಿಡುತ್ತಿರಲಿಲ್ಲ.

ಕೂಲಿ ಡಬ್ಬದ ಲೆಕ್ಕ. ಬಾಯಿಮಟ್ಟ ತುಂಬಿದರೆ ಒಂದು ಡಬ್ಬ. ಅಮ್ಮ ಮಾತ್ರ ತುಂಬಿದ ಡಬ್ಬವನ್ನು ಎರಡೂ ಕೈಯಲ್ಲಿ ಹಿಡಿದು ಒಮ್ಮೆ ಅಲ್ಲಾಡಿಸುತ್ತಿದ್ದರು. ಅಡಿಕೆ ಕೂತು ಮೇಲೆ ಜಾಗ ಆಗೋದು. ಅದನ್ನು ತುಂಬಿಸಿ, ಮತ್ತೆ ಎರಡು ಹಿಡಿ ಗೋಪುರದ ಹಾಗೆ ಮೇಲೆ ಹಾಕುತ್ತಿದ್ದರು. ನನಗೆ ಹೊಟ್ಟೆ ಉರಿಯೋದು. ಹತ್ತು ಡಬ್ಬಕ್ಕೆ ಇಪ್ಪತ್ತು ಹಿಡಿ! ಅಷ್ಟರಲ್ಲಿ ಬೇಗ ಮನೆಗೆ ಹೋಗಿ ಮಲಗಬಹುದಿತ್ತು. ಒಂದಿನ ಕೇಳಿಯೇಬಿಟ್ಟೆ: "ಎಂತಕ್ಕಮ್ಮ ಇಷ್ಟು ಹಾಕ್ತೀಯ? ಜಾಸ್ತಿ ದುಡ್ಡು ಕೊಡ್ತಾರಾ?" ಅಮ್ಮ ತಲೆ ಎತ್ತಲಿಲ್ಲ. "ಅಳತೆ ನೋಡೋರು ಅವರೊಬ್ಬರೇ ಅಲ್ಲ ಮಾರಾಯ್ತಿ" ಅಂದರು. ಆಮೇಲೆ ಪಕ್ಕದವರ ಹತ್ತಿರ ಏನೋ ಹೇಳಿಕೊಂಡು ನಗುತ್ತಾ ಇನ್ನೊಂದು ಅಡಿಕೆ ಕತ್ತಿಗೆ ಕೊಟ್ಟರು.

ಆ ನಗು ನನಗೆ ಮುಖ್ಯ. ಹೆದರಿ ಹಾಕಿದ ಎರಡು ಹಿಡಿ ಆಗಿದ್ದರೆ ಆ ನಗು ಬರುತ್ತಿರಲಿಲ್ಲ.

ಯೇಸುಸ್ವಾಮಿ ಪ್ರತಿಫಲದ ಮಾತಾಡಲಿಲ್ಲ ಅಂತ ನಾನು ಹೇಳುವುದಿಲ್ಲ. ಸಂಕೋಚವೇ ಇಲ್ಲದೆ ಮಾತಾಡಿದ್ದಾರೆ. ಒಂದು ಲೋಟ ತಣ್ಣೀರು ಕೊಟ್ಟವನಿಗೂ ಪ್ರತಿಫಲ ತಪ್ಪುವುದಿಲ್ಲ ಅಂದರು. ಊಟಕ್ಕೆ ಕರೆಯುವುದಾದರೆ ತಿರುಗಿ ಕರೆಯಲಾಗದ ಬಡವರನ್ನು, ಕುಂಟರನ್ನು, ಕುರುಡರನ್ನು ಕರೆಯಿರಿ, ಪುನರುತ್ಥಾನದ ದಿನ ನಿಮಗೆ ಅದು ಸಲ್ಲುತ್ತೆ ಅಂದರು. ಮತ್ತಾಯನ ಶುಭಸಂದೇಶದ ಗ್ರೀಕ್ ಮೂಲದಲ್ಲಿ ಸ್ವರ್ಗದ ಪ್ರತಿಫಲಕ್ಕೆ ಬಳಸಿರುವುದು ಮಿಸ್ತೋಸ್ ಅನ್ನೋ ಪದ. ದ್ರಾಕ್ಷಿತೋಟದ ಆಳುಗಳಿಗೆ ಸಂಜೆ ಕೊಡುವ ಕೂಲಿಗೂ ಅದೇ ಪದ. ಅಂದರೆ ಅಮ್ಮನಿಗೆ ಡಬ್ಬ ಎಣಿಸಿ ಕೊಡುತ್ತಿದ್ದರಲ್ಲ, ಅಂಥದ್ದೇ ಕೂಲಿ.

ಆದರೆ ಆ ದ್ರಾಕ್ಷಿತೋಟದ ಕತೆ ಓದಿ ನೋಡಿ. ಬೆಳಗ್ಗೆಯಿಂದ ಬಿಸಿಲಲ್ಲಿ ಬೆಂದವನಿಗೂ ಒಂದು ದೆನಾರಿ, ಅಂದರೆ ಒಂದು ದಿನದ ಕೂಲಿಯ ನಾಣ್ಯ, ಸಂಜೆ ಐದು ಗಂಟೆಗೆ ಬಂದವನಿಗೂ ಒಂದು ದೆನಾರಿ. ವ್ಯಾಪಾರ ಆಗಿದ್ದರೆ ಆ ಲೆಕ್ಕ ಎಲ್ಲಾದರೂ ಕೂಡುತ್ತಾ? ಬೆಳಗ್ಗೆ ಬಂದವರು ಗೊಣಗಿದರು. ಮಾತಾಡಿಕೊಂಡ ಕೂಲಿಯಲ್ಲಿ ಅವರಿಗೆ ಒಂದು ಕಾಸೂ ಕಡಿಮೆ ಆಗಿರಲಿಲ್ಲ. ಇನ್ನೊಬ್ಬರಿಗೆ ಸಿಕ್ಕಿದ್ದನ್ನು ನೋಡಿ ಸಂಕಟ ಆಯಿತು, ಅಷ್ಟೇ. ದಿನವಿಡೀ ದುಡಿದರೂ ತೋಟದ ಯಜಮಾನ ಎಂಥವನು ಅಂತ ಅವರಿಗೆ ಗೊತ್ತಾಗಲೇ ಇಲ್ಲ.

ಯೇಸುಸ್ವಾಮಿ ಹೇಳಿದ ದುಂದುಗಾರ ಮಗನ ಕತೆಯ ಅಣ್ಣನೂ ಹಾಗೇ. ಆಸ್ತಿಯ ಪಾಲು ಹಾಳುಮಾಡಿ ತಮ್ಮ ವಾಪಸ್ ಬಂದಾಗ ಅಪ್ಪ ಔತಣ ಇಡುತ್ತಾನೆ, ಅಣ್ಣ ಸಿಟ್ಟಾಗುತ್ತಾನೆ. ಇಷ್ಟು ವರ್ಷ ನಿನ್ನ ಚಾಕರಿ ಮಾಡಿದೆ, ಒಂದು ಮಾತೂ ಮೀರಲಿಲ್ಲ, ಒಂದು ಆಡಿನ ಮರಿಯನ್ನಾದರೂ ಕೊಟ್ಟೆಯಾ ಅಂತಾನೆ. ವಿಧೇಯತೆಯಲ್ಲಿ ಒಂದು ಕುಂದಿಲ್ಲ. ಆದರೆ ಒಳಗೆ ಹಾಡು ಕುಣಿತ ನಡೀತಿರುವಾಗ ಅವನು ಹೊರಗೆ ನಿಂತಿದ್ದಾನೆ.

ಆ ಅಣ್ಣ ನಾನೇ ಆಗಿದ್ದೆ. ಆರು ವರ್ಷ ಒಂದು ಚರ್ಚಿನಲ್ಲಿ ಮಕ್ಕಳಿಗೆ ಧರ್ಮೋಪದೇಶ ತರಗತಿ ತೆಗೆದುಕೊಂಡೆ. ಮಳೆಗಾಲದಲ್ಲೂ ಒಂದು ಭಾನುವಾರ ತಪ್ಪಿಸಿದವಳಲ್ಲ. ಒಂದು ವರ್ಷ ಹಬ್ಬದ ದಿನ ವಂದನಾರ್ಪಣೆಯಲ್ಲಿ ಎಲ್ಲರ ಹೆಸರು ಓದಿದರು, ನನ್ನದು ಬಿಟ್ಟುಹೋಯಿತು. ಮೂರು ವಾರ ತರಗತಿಗೆ ಹೋಗಲಿಲ್ಲ. ಮಕ್ಕಳು ಏನು ಮಾಡಿದರೋ ಅಂತ ಯೋಚನೆಯೂ ಬರಲಿಲ್ಲ ನೋಡಿ, ಅದನ್ನು ನೆನೆದರೆ ಈಗಲೂ ಸಂಕಟ ಆಗುತ್ತೆ. ಜನ ನೋಡಲಿ ಅಂತ ದಾನ ಮಾಡುವವರ ಬಗ್ಗೆ ಯೇಸುಸ್ವಾಮಿ, ಅವರಿಗೆ ಬರಬೇಕಾದ ಪ್ರತಿಫಲ ಬಂದಾಗಿದೆ ಅಂತಾರಲ್ಲ, ಅಲ್ಲಿರುವ ಗ್ರೀಕ್ ಮಾತು ಆ ಕಾಲದ ರಸೀದಿಗಳಲ್ಲಿ ಬರೆಯುತ್ತಿದ್ದ ಮಾತು. ಹಣ ಪೂರ್ತಿ ಸಂದಿದೆ ಅಂತ. ನಾನು ಆ ಹಬ್ಬದ ದಿನ ಕೈಚಾಚಿ ಕೇಳಿದ್ದು ಅಂಥದ್ದೇ ಒಂದು ರಸೀದಿ.

ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಸ್ವರ್ಗದಲ್ಲಿ ಸಿಗುತ್ತೆ ಅಂತ ಹೇಳಿ ಇಲ್ಲಿ ಆಳಿಗೆ ಕಡಿಮೆ ಕೂಲಿ ಕೊಡುವುದು ಪಾಪ. ಹೊಲ ಕೊಯ್ದವರ ಹಿಡಿದಿಟ್ಟ ಕೂಲಿ ಕೂಗುತ್ತಿದೆ, ಆ ಕೂಗು ದೇವರ ಕಿವಿ ಮುಟ್ಟಿದೆ ಅಂತ ಬೈಬಲ್ಲಿನ ಯಾಕೋಬನ ಪತ್ರದಲ್ಲಿದೆ. ಮನಸಾರೆ ದುಡಿಯಿರಿ, ಪ್ರಭುವಿನಿಂದ ನಿಮಗೆ ಆಸ್ತಿಯ ಪಾಲು ಸಿಗುತ್ತೆ ಅಂತ ಕೊಲೊಸ್ಸೆಯವರಿಗೆ ಬರೆದ ಪತ್ರ ಹೇಳುವುದು ಯಾರಿಗೆ ಗೊತ್ತಾ? ದಾಸರಿಗೆ. ಆಸ್ತಿಯಲ್ಲಿ ಯಾವ ಹಕ್ಕೂ ಇಲ್ಲದವರಿಗೆ! ನೀವು ಆ ಮನೆಯ ಮಕ್ಕಳು ಅಂದ ಹಾಗಲ್ವಾ ಅದು? ಅದೇ ಉಸಿರಿನಲ್ಲಿ ಯಜಮಾನರಿಗೂ ಹೇಳುತ್ತೆ, ದಾಸರಿಗೆ ನ್ಯಾಯವಾದದ್ದನ್ನು ಕೊಡಿ, ನಿಮಗೂ ಮೇಲೊಬ್ಬ ಯಜಮಾನ ಇದ್ದಾನೆ ಅಂತ. ಈ ಸಾಲನ್ನು ನಮ್ಮ ಪ್ರಬೋಧನೆಗಳಲ್ಲಿ ಇನ್ನೂ ಜಾಸ್ತಿ ಕೇಳಬೇಕು ಅನ್ನೋದು ನನ್ನ ಆಸೆ.

ಹಾಗೆಯೇ, ದೇವರ ಮಾತು ಕೇಳಿದರೆ ಸೈಟು ಸಿಗುತ್ತೆ, ವೀಸಾ ಸಿಗುತ್ತೆ ಅನ್ನೋ ಬೋಧನೆಯೂ ನನಗೆ ಒಪ್ಪಿಗೆಯಿಲ್ಲ. ಅದರ ಬಗ್ಗೆ ಇಲ್ಲಿ ಬೆಳೆಸುವುದಿಲ್ಲ.

ಹಾಗಾದರೆ ಕೂಲಿಯೂ ಹೌದು, ವ್ಯಾಪಾರವೂ ಅಲ್ಲ ಅಂದರೆ ಹೇಗೆ? ಸಂತರ ಹಬ್ಬದ ಬಲಿಪೂಜೆಯಲ್ಲಿ ಒಂದು ಪ್ರಾರ್ಥನೆ ಬರುತ್ತೆ. ದೇವರೇ, ನೀನು ಸಂತರ ಪುಣ್ಯಕ್ಕೆ ಕಿರೀಟ ಇಡುವಾಗ ನಿನ್ನದೇ ವರಗಳಿಗೆ ಕಿರೀಟ ಇಡುತ್ತೀ ಅನ್ನೋ ಅರ್ಥದ್ದು. ಮೂಲ ಸಂತ ಅಗಸ್ಟೀನರ ಮಾತು. ಶಿವಮೊಗ್ಗದ ಸೇಕ್ರೆಡ್ ಹಾರ್ಟ್ ಚರ್ಚಿನಲ್ಲಿ ಅಮ್ಮನ ಪಕ್ಕ ಕೂತು ಅದನ್ನು ಕೇಳುವಾಗ ಅವರ ಕೈ ನೋಡುತ್ತೇನೆ. ಆ ಕೈಯಲ್ಲಿ ಶಕ್ತಿ ಇಟ್ಟವನೂ ಆ ದೇವರೇ, ಇನ್ನೆರಡು ಹಿಡಿ ಹಾಕು ಅನ್ನೋ ಮನಸ್ಸು ಕೊಟ್ಟವನೂ ಅವನೇ. ಫ್ರಾನ್ಸಿನ ಸನ್ಯಾಸಿನಿ, ಲಿಸ್ಯೂನ ಚಿಕ್ಕ ತೆರೇಸ 1895ರಲ್ಲಿ ಬರೆದ ಸಮರ್ಪಣೆಯ ಪ್ರಾರ್ಥನೆಯಲ್ಲಿ, ಬದುಕಿನ ಸಂಜೆ ನಾನು ಬರಿಗೈಯಲ್ಲಿ ನಿನ್ನ ಮುಂದೆ ಬರುತ್ತೇನೆ, ನನ್ನ ಕೆಲಸಗಳನ್ನು ಎಣಿಸು ಅಂತ ಕೇಳುವುದಿಲ್ಲ ಅಂದಳು. ಎರಡು ವರ್ಷಕ್ಕೆ, 24ನೇ ವಯಸ್ಸಿಗೇ ತೀರಿಕೊಂಡಳು. ಎಣಿಸುವುದನ್ನು ಬಿಟ್ಟವಳಿಗೇ ಅಷ್ಟು ಧೈರ್ಯ ಇತ್ತು.

ಗೆಳತಿಗೆ ಫೋನ್ ಮಾಡಿ ಇಷ್ಟನ್ನೂ ಹೇಳಿದೆ. ಧಣಿ ಆಳುಗಳ ಕೈಗೆ ತಲಾಂತು ಅನ್ನೋ ದೊಡ್ಡ ಮೊತ್ತದ ಹಣ ಒಪ್ಪಿಸಿ ಹೋಗುವ ಯೇಸುಸ್ವಾಮಿಯ ಕತೆಯಲ್ಲಿ, ಆ ಧಣಿ ಒಳ್ಳೇ ಆಳಿಗೆ ಕೊನೆಗೆ ಕೊಡುವುದು ಏನು ಅಂತಲೂ ಹೇಳಿದೆ. ಇನ್ನೂ ದೊಡ್ಡ ಕೆಲಸ ಕೊಡುತ್ತಾನೆ, ನನ್ನ ಸಂತೋಷದಲ್ಲಿ ನೀನೂ ಸೇರು ಅಂತಾನೆ. "ಅವನ ಸಂತೋಷಾನೇ ಕೂಲಿನಾ?" ಅಂದಳು. ಹೌದು ಅಂದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು.

ಅಮ್ಮನಿಗೆ ಈಗ ಬೆರಳು ಪೂರ್ತಿ ಮಡಚಲು ಬರುವುದಿಲ್ಲ. ಮೊನ್ನೆ ಪಕ್ಕದ ಮನೆಯವರು ಒಂದು ಸೇರು ಅಕ್ಕಿ ಕಡ ಕೇಳಲು ಬಂದರು. ನಾನು ಅಳೆದು ಚೀಲಕ್ಕೆ ಸುರಿಯಬೇಕು, ಅಷ್ಟರಲ್ಲಿ ಅಮ್ಮ ಒಳಗಿಂದ ಬಂದು ನನ್ನ ಕೈಯಿಂದ ಸೇರು ತೆಗೆದುಕೊಂಡರು. ಅಂಗೈಯಲ್ಲಿ ಅದರ ಪಕ್ಕೆಗೆ ಎರಡು ಸಲ ತಟ್ಟಿದರು. ಅಕ್ಕಿ ಕೂತಿತು.

"ಇನ್ನೂ ಹಿಡಿಸುತ್ತೆ ನೋಡು, ಹಾಕು" ಅಂದರು.