ಇಳಿದರೋ, ಇಳಿಸಿದರೋ?

"ನಾಯಕತ್ವ ಬದಲಾವಣೆ ಖಚಿತ" ಅಂತ ಮತ್ತೆ ಸುದ್ದಿ ಶುರುವಾಗಿದೆ. ಬದಲಾಯಿಸುವವರು ಯಾರು ಅಂತ ಮಾತ್ರ ಕೇಳಬೇಡಿ ಮಾರಾಯ್ರೆ. ತಾನಾಗಿ ಹೋದರೆ "ಇಳಿದರು", ಇನ್ನೊಬ್ಬ ದೂಡಿದರೆ "ಇಳಿಸಿದ". ಪತ್ರಿಕೆಯಲ್ಲಿ ಇವೆರಡೂ ಇಲ್ಲ, ಬರೀ "ಇಳಿಸಲಾಯಿತು". "ಲಾಯಿತು" ಹತ್ತಿದ ಕೂಡಲೇ ಕರ್ತೃ ನಾಪತ್ತೆ. 2019ರ ಜುಲೈ 23ರಂದು ಕುಮಾರಸ್ವಾಮಿ ಸರಕಾರದ ವಿಶ್ವಾಸಮತಕ್ಕೆ ಪರ 99, ವಿರೋಧ 105. ಮರುದಿನ ನೋಡಿದರೆ ಸರಕಾರ "ಉರುಳಿತು". ಉರುಳಿಸಿದವರು ಯಾರೂ ಇಲ್ಲ! ಮುಂಬೈ ಹೋಟೆಲಿನಲ್ಲಿದ್ದ ಶಾಸಕರು ಗಾಳಿ ಸೇವನೆಗೆ ಹೋದವರಿರಬೇಕು. ನಮ್ಮ ಮಲ್ಪೆಯ ಕಡಲ ಗಾಳಿ ಸಾಕಾಗಲಿಲ್ಲ.

ಕ್ರಿಯಾಪದಕ್ಕೂ ಅಂತಸ್ತುಂಟು. ಗುಮಾಸ್ತನಾದರೆ ವಜಾ, ತಹಶೀಲ್ದಾರರಾದರೆ ಎತ್ತಂಗಡಿ, ಮಂತ್ರಿಯಾದರೆ "ಸಂಪುಟದಿಂದ ಕೈಬಿಡಲಾಗಿದೆ". ಮುಖ್ಯಮಂತ್ರಿಯಾದರೆ ಹೈಕಮಾಂಡ್ ಸೂಚನೆಯಂತೆ ಸ್ವಇಚ್ಛೆಯಿಂದ ರಾಜೀನಾಮೆ.

ಉಚ್ಚಾಟನೆಯ ಕಥೆಯೇ ಬೇರೆ. ನಮ್ಮ ಕಡೆ ಪ್ರೇತಕ್ಕೂ ಉಚ್ಚಾಟನೆ, ಬಂಡಾಯ ಅಭ್ಯರ್ಥಿಗೂ ಉಚ್ಚಾಟನೆ. ಪ್ರೇತದ ಕೆಲಸ ಅಚ್ಚುಕಟ್ಟು: ಜ್ಯೋತಿಷಿಯಲ್ಲಿ ಪ್ರಶ್ನೆ ಇಟ್ಟು ಯಾರ ಪ್ರೇತ ಅಂತ ಕಂಡುಕೊಳ್ಳಬೇಕು, ತಂತ್ರಿಗಳು ಆವಾಹನೆ ಮಾಡಬೇಕು, ಹೋಮ ಆಗಬೇಕು, ದಕ್ಷಿಣೆಯೂ ಕೊಡಬೇಕು. ಪಕ್ಷದ್ದು ಅರ್ಧ ಪುಟದ ಪತ್ರ, ಅವಧಿ 6 ವರ್ಷ. ಮುಂದಿನ ಚುನಾವಣೆ ಹತ್ತಿರ ಬಂದಾಗ ಅದೇ ಮನುಷ್ಯ ಶಾಲು ಹೊದ್ದು, ಅದೇ ಜಿಲ್ಲಾಧ್ಯಕ್ಷರ ಪಕ್ಕ ನಗುತ್ತಾ ನಿಂತಿರುತ್ತಾನೆ. ಪ್ರೇತಗಳಿಗೆ ಇಷ್ಟು ಧೈರ್ಯ ಇಲ್ಲ.

ಕರ್ತೃ ಅಡಗಿ ಕೂರಲಾಗದ ಜಾಗ ಒಂದೇ, ಗ್ರಾಮ ಪಂಚಾಯತ್. 1993ರ ಪಂಚಾಯತ್ ರಾಜ್ ಕಾಯ್ದೆಯ 49ನೇ ಪ್ರಕರಣದ ಪ್ರಕಾರ ಅವಿಶ್ವಾಸದ ನೋಟಿಸಿಗೆ ಒಟ್ಟು ಸದಸ್ಯರಲ್ಲಿ ಅರ್ಧಕ್ಕೆ ಕಡಿಮೆಯಾಗದಷ್ಟು ಜನ ಸಹಿ ಹಾಕಬೇಕು, ನಿರ್ಣಯ ಗೆಲ್ಲಲು ಮೂರನೇ ಎರಡರಷ್ಟು ಮತ ಬೇಕು. ಸಭೆ ನಡೆಸುವುದು ಎಸಿ, ಅಂದರೆ ಉಪವಿಭಾಗಾಧಿಕಾರಿ. ಉಡುಪಿ ಜಿಲ್ಲೆಗಾದರೆ ಕುಂದಾಪುರದಿಂದ ಬರಬೇಕು. 15 ಸದಸ್ಯರಿದ್ದರೆ ಸಹಿ 8, ಮತ 10. ಲೆಕ್ಕ ಮೂರನೇ ಎರಡು "ಹಾಜರಾದವರಲ್ಲಿ" ಅಲ್ಲ, "ಒಟ್ಟು ಸದಸ್ಯರಲ್ಲಿ". ಹಾಗಾಗಿ ಅಧ್ಯಕ್ಷರು ಬಹುಮತ ಸಂಪಾದಿಸುವ ತಲೆಬಿಸಿಗೇ ಹೋಗುವುದಿಲ್ಲ. ತನ್ನ ಜೊತೆ ಇನ್ನೈದು ಜನರನ್ನು ಟೆಂಪೋ ಟ್ರಾವೆಲರಿಗೆ ಹತ್ತಿಸಿ ಎರಡು ದಿನ ಧರ್ಮಸ್ಥಳ, ಸುಬ್ರಹ್ಮಣ್ಯ ಸುತ್ತಿಸಿದರೆ ಸಾಕು, ಉಳಿದ 9 ಮಂದಿ ಕೈ ಎತ್ತಿ ಪ್ರಯೋಜನ ಇಲ್ಲ. ಇಷ್ಟು ಭಕ್ತಿ ಬೇರೆ ಯಾವಾಗಲೂ ಕಾಣುವುದಿಲ್ಲ.

ಗೆದ್ದರೂ ಗ್ರಹಚಾರ ಮುಗಿಯುವುದಿಲ್ಲ. ಅಧ್ಯಕ್ಷ ಸ್ಥಾನದ ಮೀಸಲಾತಿ ಹಾಗೇ ಇರುತ್ತದೆ. ಆ ವರ್ಗದಿಂದ ಗೆದ್ದದ್ದು ಒಬ್ಬರೇ ಆಗಿದ್ದು, ಅವರನ್ನೇ ಇಳಿಸಿದ್ದಾದರೆ, ಕುರ್ಚಿ ಖಾಲಿ. ಇದನ್ನು ಮೊದಲೇ ನೋಡಿಕೊಳ್ಳಬೇಕೆಂದು 10 ಮಂದಿಯಲ್ಲಿ ಒಬ್ಬರಿಗೂ ಹೊಳೆದಿರುವುದಿಲ್ಲ. ಉಪಾಧ್ಯಕ್ಷರು ಪ್ರಭಾರ ವಹಿಸಬೇಕು. ಹಣ ಬಿಡುಗಡೆಗೆ ಪಿಡಿಒ (ಪಂಚಾಯತ್ ಅಭಿವೃದ್ಧಿ ಅಧಿಕಾರಿ) ಜೊತೆ ಅವರ ಸಹಿ ಬ್ಯಾಂಕಿನಲ್ಲಿ ದಾಖಲಾಗಬೇಕು, ಕಂಪ್ಯೂಟರಿನಲ್ಲಿ ಸಹಿ ಹಾಕುವ ಡಿಜಿಟಲ್ ಕೀ ಹೊಸದಾಗಿ ಬರಬೇಕು. ಅಷ್ಟರಲ್ಲಿ ಏಪ್ರಿಲ್. ಕೊಳವೆಬಾವಿಯ ಪಂಪು ಸುಟ್ಟು ಕೂತಿದೆ, ರಿಪೇರಿಯವನು ಹಳೇ ಬಾಕಿ ಕೊಡದೆ ಬರುವುದಿಲ್ಲ ಅನ್ನುತ್ತಾನೆ. ಅವನದ್ದೇನು ತಪ್ಪು? ಹೆಂಗಸರು ಕೊಡಪಾನ ಹಿಡಿದು ಪಂಚಾಯತ್ ಜಗಲಿಯಲ್ಲಿ ನಿಂತರೆ ಒಳಗಿಂದ ಬರುವ ಉತ್ತರ: "ಅಧ್ಯಕ್ಷರನ್ನು ಇಳಿಸಲಾಗಿದೆ, ಸ್ವಲ್ಪ ಸಮಯ ಆಗ್ತದೆ."