ಈ ಕಲ್ಲು ಮತ್ತೆ ಯಾವಾಗ ಹೊರಡುತ್ತದೆ?

ಪದವಿ ಓದುತ್ತಿರುವ ಪರಿಚಯದ ಹುಡುಗಿಯೊಬ್ಬಳು ಮೊನ್ನೆ ಮೆಸೇಜ್ ಮಾಡಿದ್ದಳು: "ಅಕ್ಕಾ, ಈ ಸೆಮಿಸ್ಟರ್‌ನಲ್ಲಿ ಜಿಯೋಮಾರ್ಫಾಲಜಿ ಇದೆ. ಪುಸ್ತಕ ತೆಗೆದರೆ ಬರೀ ಹೆಸರುಗಳು. ಬಾಯಿಪಾಠ ಮಾಡಿದರೆ ಸಾಕಲ್ವಾ?"

ಜಿಯೋಮಾರ್ಫಾಲಜಿ ಅಂದರೆ ಬೆಟ್ಟ, ಕಣಿವೆ, ನದಿಯಂಥ ನೆಲದ ರೂಪಗಳು ಹೇಗೆ ಆಗುತ್ತವೆ ಎಂದು ಓದುವ ವಿಷಯ. ಉತ್ತರ ಬರೆಯುತ್ತಾ ಹೋದೆ, ಮುಗಿಯಲೇ ಇಲ್ಲ. ಇಂಥದೇ ಪ್ರಶ್ನೆ ಇನ್ನೂ ಹಲವರಲ್ಲಿ ಇರಬಹುದು ಅನ್ನಿಸಿ ಇಲ್ಲೇ ಹಾಕುತ್ತಿದ್ದೇನೆ.

ನಾನೂ ಹಾಗೇ ಓದಿದವಳು. ವಿ ಆಕಾರದ ಕಣಿವೆ ನದಿಯದು, ಯು ಆಕಾರದ್ದು ಹಿಮನದಿಯದು. ನದಿಗೆ ಯೌವನ, ಪ್ರೌಢ, ವೃದ್ಧಾಪ್ಯ ಅಂತ ಮೂರು ಹಂತ. ಒಂದೊಂದು ಹಂತಕ್ಕೂ ಐದಾರು ಭೂಸ್ವರೂಪ, ಒಂದೊಂದಕ್ಕೂ ಚಿತ್ರ. ಅಂಕ ಚೆನ್ನಾಗಿಯೇ ಬಂತು. ಮುಂದಿನ ವರ್ಷ ಫೀಲ್ಡ್‌ಗೆ ಹೋದಾಗ ನಮ್ಮ ಮೇಷ್ಟ್ರು ತೊರೆಯೊಂದರ ಪಾತ್ರಕ್ಕಿಳಿದು, ಮುಷ್ಟಿಗಿಂತ ಸ್ವಲ್ಪ ಸಣ್ಣ ಕಲ್ಲೊಂದನ್ನು ಕೈಗೆತ್ತಿಕೊಂಡು ಕೇಳಿದರು: "ಇದು ಇಲ್ಲಿಗೆ ಹೇಗೆ ಬಂತು? ಮತ್ತೆ ಯಾವಾಗ ಹೊರಡುತ್ತೆ?" ನಮ್ಮಲ್ಲಿ ಒಬ್ಬರಿಗೂ ಉತ್ತರ ಗೊತ್ತಿರಲಿಲ್ಲ. ಕಲ್ಲು ಹೊರಡುತ್ತದೆ ಅನ್ನುವ ಯೋಚನೆಯೇ ನಮಗೆ ಬಂದಿರಲಿಲ್ಲ.

ಆಮೇಲೆ ಆ ಇಡೀ ದಿನ ಕಲ್ಲು ಅಳೆದೆವು. ನದಿಗಳನ್ನು ಅಧ್ಯಯನ ಮಾಡಿದ ಅಮೆರಿಕದ ವಿಜ್ಞಾನಿ ಎಂ. ಗಾರ್ಡನ್ ವೋಲ್ಮನ್ 1954ರಲ್ಲಿ ಹೇಳಿಕೊಟ್ಟ ವಿಧಾನ ಅದು. ತೊರೆಯಲ್ಲಿ ಹೆಜ್ಜೆ ಹಾಕುತ್ತಾ ಹೋಗಬೇಕು, ಪ್ರತಿ ಹೆಜ್ಜೆಗೂ ಬಗ್ಗಿ, ಕೆಳಗೆ ನೋಡದೆ ಬೆರಳತುದಿಗೆ ಮೊದಲು ತಾಗಿದ ಕಲ್ಲನ್ನೇ ಎತ್ತಬೇಕು, ಅದರ ಮಧ್ಯದ ಅಳತೆಯನ್ನು ಬರೆದುಕೊಳ್ಳಬೇಕು. ಉದ್ದವನ್ನೂ ಅಲ್ಲ, ದಪ್ಪವನ್ನೂ ಅಲ್ಲ, ಅವೆರಡರ ನಡುವಿನದನ್ನು. ಹೀಗೆ ನೂರು ಕಲ್ಲು. ನೋಡಿ ಎತ್ತಿದರೆ ಕಣ್ಣು ತನಗಿಷ್ಟವಾದ ದೊಡ್ಡ ಕಲ್ಲನ್ನೋ ನುಣುಪಾದ ಕಲ್ಲನ್ನೋ ಆರಿಸಿಬಿಡುತ್ತದೆ, ಅದಕ್ಕೇ ನೋಡಬಾರದು. ಸಂಜೆ ಲೆಕ್ಕಕ್ಕೆ ಕೂತೆವು. ನೀರು ತಳವನ್ನು ಎಳೆಯುವ ಬಲ ಎರಡರ ಮೇಲೆ ನಿಂತಿದೆ: ನೀರಿನ ಆಳ, ತೊರೆಯ ಇಳಿಜಾರು. ಎಷ್ಟು ಬಲಕ್ಕೆ ಎಷ್ಟು ಗಾತ್ರದ ಕಲ್ಲು ಅಲುಗೀತು ಎಂಬುದನ್ನು 1936ರಲ್ಲಿ ಶೀಲ್ಡ್ಸ್ ಎಂಬ ಎಂಜಿನಿಯರ್ ಪ್ರಯೋಗಾಲಯದ ಕಾಲುವೆಯಲ್ಲಿ ಪರೀಕ್ಷೆ ಮಾಡಿ ತೋರಿಸಿದ್ದ. ನೂರು ಮೀಟರಿಗೆ ಒಂದು ಮೀಟರ್ ಇಳಿಯುವ ತೊರೆ, ಕಲ್ಲಿನ ಗಾತ್ರ ಐದು ಸೆಂಟಿಮೀಟರ್ ಅಂದುಕೊಳ್ಳಿ. ನೀರು ಸುಮಾರು 35ರಿಂದ 40 ಸೆಂಟಿಮೀಟರ್ ಆಳಕ್ಕೆ ಏರಿದರೆ ಆ ಕಲ್ಲುಗಳು ಅಲುಗಾಡತೊಡಗುತ್ತವೆ. ಮೊಣಕಾಲಿಗೂ ಬಾರದ ನೀರು! ಒಂದು ಟೇಪು, ಒಂದು ನೋಟ್‌ಬುಕ್ಕು, ನೂರು ಸಲ ಬೆನ್ನು ಬಗ್ಗಿಸುವ ತಾಳ್ಮೆ, ಇಷ್ಟರಲ್ಲಿ ಮೇಷ್ಟ್ರ ಪ್ರಶ್ನೆಗೆ ನಾವೇ ಉತ್ತರ ಕಂಡುಕೊಂಡಿದ್ದೆವು. ಆ ಸಂಜೆಯ ಸಂತೋಷ ನನಗಿನ್ನೂ ಹಾಗೇ ಇದೆ.

ಅದಕ್ಕೇ ಹೇಳುತ್ತೇನೆ, ಈ ವಿಷಯವನ್ನು ನಾವು ತಲೆಕೆಳಗಾಗಿ ಕಲಿಸುತ್ತಿದ್ದೇವೆ. ಮೊದಲು ಹೆಸರು, ಆಮೇಲೆ ಚಿತ್ರ, ಸಮಯ ಉಳಿದರೆ ಪ್ರಕ್ರಿಯೆ, ಅದಕ್ಕೂ ಸಮಯ ಉಳಿದರೆ ಫೀಲ್ಡು. ಸಮಯ ಉಳಿಯುವುದಿಲ್ಲ. ಮಣ್ಣು, ನೀರು, ಇಳಿಜಾರು ಇವುಗಳಿಂದ ಪಾಠ ಶುರುವಾಗಬೇಕು. ಹೆಸರು ಬೇಕಾದಾಗ ತಾನೇ ಬರುತ್ತದೆ.

ನದಿಯ ಮೂರು ಹಂತಗಳ ಬಗ್ಗೆ ನನಗೆ ವಿಶೇಷ ತಕರಾರಿದೆ. ಅಮೆರಿಕದ ಭೂಗೋಳಜ್ಞ ವಿಲಿಯಂ ಮಾರಿಸ್ ಡೇವಿಸ್ 1899ರಲ್ಲಿ ವಿಸ್ತಾರವಾಗಿ ಬರೆದ ಭೌಗೋಳಿಕ ಚಕ್ರದಿಂದ ಬಂದದ್ದು ಅದು. ನೆಲ ಒಮ್ಮೆ ಬೇಗನೆ ಮೇಲೇಳುತ್ತದೆ, ಆಮೇಲೆ ಸುಮ್ಮನಿರುತ್ತದೆ, ನದಿಗಳು ಅದನ್ನು ನಿಧಾನಕ್ಕೆ ಸವೆಸಿ ಬಯಲು ಮಾಡುತ್ತವೆ ಎಂದು ಆತನ ಕಲ್ಪನೆ. ಭೂಮಿಯ ರೂಪಕ್ಕೆ ಕಾಲದ ಆಯಾಮವಿದೆ ಎಂದು ತರಗತಿಗಳಿಗೆಲ್ಲ ಮನವರಿಕೆ ಮಾಡಿಕೊಟ್ಟವನು ಡೇವಿಸ್, ಆ ಗೌರವ ಅವನಿಗೆ ಸಲ್ಲಬೇಕು. ಆದರೆ ನೆಲ ಏಳುವುದೂ ಸವೆಯುವುದೂ ಒಟ್ಟೊಟ್ಟಿಗೇ ನಡೆಯುತ್ತವೆ. ಬೆಟ್ಟದ ಮೇಲೆ ಧುಮುಕುವ ನೀರಿಗೂ ಬಯಲಿನಲ್ಲಿ ಅಂಕುಡೊಂಕಾಗಿ ಹರಿಯುವ ನೀರಿಗೂ ವಯಸ್ಸಿನ ವ್ಯತ್ಯಾಸವಿಲ್ಲ. ಇಳಿಜಾರು ಬೇರೆ, ನೀರಿನ ಪ್ರಮಾಣ ಬೇರೆ, ಹೊತ್ತ ಹೂಳು ಬೇರೆ. "ವೃದ್ಧ ನದಿ" ಅಂದ ಕೂಡಲೇ ವಿದ್ಯಾರ್ಥಿಯ ಮನಸ್ಸಿನಲ್ಲಿ ದಣಿದು ಮಲಗಿದ ನದಿಯ ಚಿತ್ರ ಮೂಡುತ್ತದೆ. ವಾಸ್ತವದಲ್ಲಿ ಬಯಲಿನ ದೊಡ್ಡ ನದಿ ದಿನಕ್ಕೆ ಸಾಗಿಸುವ ಹೂಳನ್ನು ಬೆಟ್ಟದ ತೊರೆ ವರ್ಷವಿಡೀ ಸಾಗಿಸಲಾರದು. ಡೇವಿಸ್‌ಗಿಂತ ಇಪ್ಪತ್ತು ವರ್ಷ ಮೊದಲೇ, 1877ರಲ್ಲಿ, ಭೂವಿಜ್ಞಾನಿ ಗ್ರೋವ್ ಕಾರ್ಲ್ ಗಿಲ್ಬರ್ಟ್ ಅಮೆರಿಕದ ಯೂಟಾದ ಹೆನ್ರಿ ಪರ್ವತಗಳನ್ನು ಸುತ್ತಿ ಬಂದು, ಬಂಡೆಯ ಗಟ್ಟಿತನ, ಇಳಿಜಾರು, ನೀರು, ಹೂಳು ಇವು ಹೇಗೆ ಒಂದಕ್ಕೊಂದು ಹೊಂದಿಕೊಂಡು ಸಮತೋಲನಕ್ಕೆ ಬರುತ್ತವೆ ಎಂದು ಬರೆದಿದ್ದ. ಬೆಟ್ಟವನ್ನು ಬಲಗಳ ಲೆಕ್ಕವಾಗಿ ನೋಡಿದವನು ಅವನು. ಪರೀಕ್ಷೆಗಳಲ್ಲಿ ಅವನ ಹೆಸರು ಅಪರೂಪಕ್ಕೂ ಬರುವುದಿಲ್ಲ ಅನ್ನುವುದು ನನ್ನ ನಿಜವಾದ ಬೇಸರ.

ಪ್ರಕ್ರಿಯೆ ಕಲಿಯುತ್ತಾ ಹೋದರೆ ಅಚ್ಚರಿಗಳು ಸಿಗುತ್ತವೆ. ಮರಳಿಗಿಂತ ಜೇಡಿಯ ಕಣ ಎಷ್ಟೋ ಪಾಲು ಹಗುರ, ಹಾಗಾಗಿ ಹರಿಯುವ ನೀರು ಮೊದಲು ಜೇಡಿಯನ್ನೇ ಕಿತ್ತೊಯ್ಯಬೇಕು ಅಲ್ಲವೇ? ಸ್ವೀಡನ್ನಿನ ಭೂಗೋಳಜ್ಞ ಯೂಲ್‌ಸ್ಟ್ರೋಮ್ 1935ರಲ್ಲಿ ಬರೆದ ಗ್ರಾಫ್ ಬೇರೆಯೇ ಹೇಳುತ್ತದೆ. ಜೇಡಿಯ ಕಣಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ, ಅವನ್ನು ಎಬ್ಬಿಸಲು ಮರಳನ್ನು ಎಬ್ಬಿಸುವುದಕ್ಕಿಂತ ಹೆಚ್ಚು ವೇಗ ಬೇಕು. ಒಮ್ಮೆ ಎದ್ದರೆ ಮಾತ್ರ ನೀರು ಬಹುತೇಕ ನಿಲ್ಲುವ ತನಕ ಅವು ಕೆಳಗಿಳಿಯುವುದಿಲ್ಲ. ನದಿ ಕಡಲು ಸೇರುವ ಕಡೆ ಅಷ್ಟೊಂದು ಕೆಸರು ಯಾಕೆ ಎಂಬುದಕ್ಕೆ ಅರ್ಧ ಉತ್ತರ ಇಲ್ಲೇ ಇದೆ.

ಅಳತೆಯ ಪಾಠ ಹೇಳಬೇಕೆಂದಾಗಲೆಲ್ಲ ನನಗೆ ನೆನಪಾಗುವವನು ಭೂವಿಜ್ಞಾನಿ ಹಾರ್ಲೆನ್ ಬ್ರೆಟ್ಜ್. ಅಮೆರಿಕದ ವಾಷಿಂಗ್ಟನ್ ರಾಜ್ಯದ ಪೂರ್ವಭಾಗದಲ್ಲಿ ಬಸಾಲ್ಟ್ ಬಂಡೆಯ ನೆಲವನ್ನು ಯಾರೋ ಕೆರೆದು ಸೀಳಿದಂತಿದೆ. ಅಲ್ಲಿನ ಡ್ರೈ ಫಾಲ್ಸ್ ಸುಮಾರು 120 ಮೀಟರ್ ಎತ್ತರದ ಜಲಪಾತ, ಆದರೆ ನೀರಿಲ್ಲ. ಇದು ಊಹೆಗೂ ಮೀರಿದ ಮಹಾಪ್ರವಾಹದ ಕೆಲಸ ಎಂದು 1923ರಲ್ಲಿ ಬ್ರೆಟ್ಜ್ ಬರೆದಾಗ ಹಿರಿಯರು ಒಪ್ಪಲಿಲ್ಲ. ಭೂಮಿಯ ಮೇಲೆ ಎಲ್ಲವೂ ನಿಧಾನಕ್ಕೇ ಆಗಬೇಕು ಎಂಬುದು ಅಂದಿನ ನಂಬಿಕೆ. ಅಷ್ಟು ನೀರು ಎಲ್ಲಿಂದ ಬಂತು ಎಂದು ಅವನಿಗೂ ಹೇಳಲಾಗಲಿಲ್ಲ. ಮಂಜುಗಡ್ಡೆಯ ಅಣೆಕಟ್ಟಿನ ಹಿಂದೆ ನಿಂತಿದ್ದ ಮಿಸೂಲಾ ಎಂಬ ಹಿಮಯುಗದ ಸರೋವರ ಒಡೆದು ನುಗ್ಗಿದ ನೀರದು ಎಂಬುದು ಆಮೇಲೆ ಗಟ್ಟಿಯಾಯಿತು. ಹಳೆಯ ಸರೋವರದ ತಳದಲ್ಲಿ ಸಾಲುಸಾಲು ದಿಬ್ಬಗಳಿವೆ, ನಡೆದು ಹೋದರೆ ಗುಡ್ಡಗಳಂತೆ ಕಾಣುತ್ತವೆ. ಎತ್ತರದಿಂದ ನೋಡಿದರೆ ಅವು ತೊರೆಯ ಮರಳಿನ ಮೇಲೆ ನೀರು ಬಿಡಿಸುವ ಅಲೆಗೆರೆಗಳೇ, ಗಾತ್ರ ಮಾತ್ರ ನೂರಾರು ಪಟ್ಟು. ಬ್ರೆಟ್ಜ್‌ಗೆ 1979ರಲ್ಲಿ ಭೂವಿಜ್ಞಾನದ ದೊಡ್ಡ ಗೌರವವಾದ ಪೆನ್ರೋಸ್ ಪದಕ ಬಂದಾಗ ವಯಸ್ಸು ತೊಂಬತ್ತೈದು ದಾಟಿತ್ತು. ಮರಳಿನ ಅಲೆಗೆರೆಯನ್ನು ಮಂಡಿಯೂರಿ ನೋಡದ ವಿದ್ಯಾರ್ಥಿಗೆ ಆ ಗುಡ್ಡಸಾಲು ಬರೀ ಗುಡ್ಡಸಾಲಾಗಿಯೇ ಉಳಿಯುತ್ತದೆ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಈಗ ಕಂಪ್ಯೂಟರ್ ಬಂದಿದೆಯಲ್ಲ ಅಂತ ಕೇಳುವವರಿಗೂ ಒಂದು ಮಾತು. 2000ನೇ ಇಸವಿಯ ಫೆಬ್ರವರಿಯಲ್ಲಿ ಎಂಡೆವರ್ ಬಾಹ್ಯಾಕಾಶ ನೌಕೆ 11 ದಿನ ಸುತ್ತಿ ರಡಾರ್‌ನಿಂದ ಭೂಮಿಯ ಬಹುಪಾಲು ನೆಲದ ಎತ್ತರ ಅಳೆಯಿತು. ಅದು ಇಂದು ಪುಕ್ಕಟೆ ಸಿಗುತ್ತದೆ, ನಾಲ್ಕು ಕ್ಲಿಕ್ಕಿಗೆ ಜಲಾನಯನದ, ಅಂದರೆ ಒಂದು ಹೊಳೆಗೆ ನೀರು ಹರಿದುಬರುವ ಇಡೀ ಪ್ರದೇಶದ, ಗಡಿ ಬರುತ್ತದೆ. ನಾನೂ ದಿನಾ ಬಳಸುತ್ತೇನೆ, ಇಷ್ಟಪಟ್ಟೇ ಬಳಸುತ್ತೇನೆ. ಆದರೆ ಗಡಿ ಎಳೆಯುವ ಮುನ್ನ ಸಾಫ್ಟ್‌ವೇರ್ ನಕ್ಷೆಯ ಗುಂಡಿಗಳನ್ನೆಲ್ಲ ದತ್ತಾಂಶದ ದೋಷವೆಂದು ತಿಳಿದು ತುಂಬಿಬಿಡುತ್ತದೆ. ಸುಣ್ಣಕಲ್ಲಿನ ನೆಲದಲ್ಲಿ ಆ ಗುಂಡಿಗಳು ನಿಜ. ಅಲ್ಲಿ ನೀರು ನೆಲದೊಳಕ್ಕೆ ಇಳಿದು ಗವಿಗಳಲ್ಲಿ ಹರಿಯುತ್ತದೆ. ನೆಲದ ಅತಿ ಮುಖ್ಯವಾದ ಭೂಸ್ವರೂಪವನ್ನೇ ಅಳಿಸಿ, ಇಲ್ಲದ ಹೊಳೆಯನ್ನು ಗೆರೆ ಎಳೆದು ತೋರಿಸಿದ ಪ್ರಾಜೆಕ್ಟ್ ವರದಿಯನ್ನು ನಾನು ಕಂಡಿದ್ದೇನೆ. ಮಾಡಿದವನದು ಸೋಮಾರಿತನವಲ್ಲ, ಅವನಿಗೆ ಯಾರೂ ಅಂಥ ನೆಲವನ್ನು ತೋರಿಸಿರಲಿಲ್ಲ, ಅಷ್ಟೆ. ಒಂದೇ ಎತ್ತರದ ಜಾಗಗಳನ್ನು ಜೋಡಿಸುವ ಸಮೋನ್ನತಿ ರೇಖೆಗಳನ್ನು ನಕ್ಷೆಯಲ್ಲಿ ಒಮ್ಮೆಯಾದರೂ ಪೆನ್ಸಿಲ್ ಹಿಡಿದು ಎಳೆದವರಿಗೆ, ಅವು ಹೊಳೆ ದಾಟುವಾಗ ಯಾಕೆ ನೀರು ಬರುವ ದಿಕ್ಕಿಗೆ ಮಡಚುತ್ತವೆ ಎಂಬುದು ಕೈಗೇ ತಿಳಿದಿರುತ್ತದೆ.

ಇದರಿಂದ ಜನಕ್ಕೇನು ಲಾಭ ಅನ್ನುವವರು ನೇಪಾಳದಿಂದ ಬಿಹಾರಕ್ಕೆ ಹರಿಯುವ ಕೋಸಿ ನದಿಯನ್ನು ನೋಡಬೇಕು. ಹಿಮಾಲಯದಿಂದ ಹೊತ್ತು ತಂದ ಹೂಳನ್ನು ಬಯಲಿನಲ್ಲಿ ಬೀಸಣಿಗೆಯ ಹಾಗೆ ಹರಡಿ, ಅದರ ಮೇಲೆ ಅತ್ತಿಂದಿತ್ತ ಸರಿದಾಡುವುದು ಅದರ ಹಳೆಯ ರೂಢಿ. ಇಪ್ಪತ್ತನೇ ಶತಮಾನದಲ್ಲಿ ಎರಡೂ ಬದಿಗೆ ಒಡ್ಡು ಕಟ್ಟಿದರು. ಹೂಳು ಒಡ್ಡುಗಳ ನಡುವೆಯೇ ಬಿದ್ದು ಪಾತ್ರ ಸುತ್ತಲಿನ ಬಯಲಿಗಿಂತ ಮೇಲೆದ್ದಿತು. 2008ರ ಆಗಸ್ಟ್ 18ರಂದು ನೇಪಾಳದ ಕುಸಹಾದಲ್ಲಿ ಒಡ್ಡು ಒಡೆದು, ನದಿ ನೂರಕ್ಕೂ ಹೆಚ್ಚು ಕಿಲೋಮೀಟರ್ ಪೂರ್ವದ ಹಳೆಯ ಜಾಡು ಹಿಡಿಯಿತು. ಲಕ್ಷಾಂತರ ಜನ ಮನೆ ಬಿಡಬೇಕಾಯಿತು. ಆ ದಿನ ನದಿಯಲ್ಲಿದ್ದ ನೀರು ಒಡ್ಡು ಕಟ್ಟುವಾಗ ಲೆಕ್ಕ ಹಾಕಿದ್ದ ಗರಿಷ್ಠಕ್ಕಿಂತ ಎಷ್ಟೋ ಕಡಿಮೆ ಇತ್ತು. ನೀರಿನ ಲೆಕ್ಕ ಮಾಡಿ ಹೂಳಿನ ಲೆಕ್ಕ ಬಿಟ್ಟರೆ ಆಗುವುದು ಇದು. ಭೂಕುಸಿತದ ವಿಷಯವೂ ಹೀಗೇ. ಮಳೆ ಬಂದರೆ ಮಣ್ಣು ಭಾರವಾಗಿ ಜಾರುತ್ತದೆ ಎಂದು ಬರೆದರೆ ಅಂಕ ಸಿಗುತ್ತದೆ. ಕಣಗಳ ನಡುವೆ ತುಂಬಿದ ನೀರಿನ ಒತ್ತಡ ಅವುಗಳ ಹಿಡಿತ ಸಡಿಲಿಸುತ್ತದೆ ಎಂದು ತಿಳಿದವರು ಮಾತ್ರ, ಕಡಿದ ಇಳಿಜಾರಿಗೆ ಗೋಡೆಗಿಂತ ಮೊದಲು ನೀರು ಬಸಿದು ಹೋಗುವ ದಾರಿ ಬೇಕು ಎಂದು ಹೇಳಬಲ್ಲರು.

ಹಾಗಾಗಿ ತಂಗಿ, ಪರೀಕ್ಷೆಗೆ ಹೆಸರುಗಳನ್ನು ಕಲಿ, ಬೇಡ ಅನ್ನುವುದಿಲ್ಲ. ಜೊತೆಗೆ ಈ ಮಳೆಗಾಲದ ಮೊದಲು ಹತ್ತಿರದ ಯಾವುದಾದರೂ ಸಣ್ಣ ತೊರೆಗೆ ಹೋಗು. ಮೂವತ್ತು ಕಲ್ಲುಗಳನ್ನು ಅಳೆದು, ಹಳದಿ ಬಣ್ಣ ಬಳಿದು, ನಂಬರು ಹಾಕಿ, ಅಡ್ಡಕ್ಕೆ ಒಂದೇ ಸಾಲಿನಲ್ಲಿ ಇಟ್ಟು ಬಾ. ನಾವೂ ಹಾಗೇ ಮಾಡಿದ್ದೆವು. ಮೊದಲ ದೊಡ್ಡ ಮಳೆ ನಿಂತ ಮೇಲೆ ಹುಡುಕಲು ಹೋದರೆ ಅರ್ಧದಷ್ಟೂ ಸಿಗಲಿಲ್ಲ. ಕೆಲವು ಇಟ್ಟ ಜಾಗದಲ್ಲೇ ಇದ್ದವು, ಕೆಲವು ಎರಡು ಹೆಜ್ಜೆ ಸರಿದಿದ್ದವು. ಏಳನೇ ನಂಬರಿನದು ತುಂಬಾ ಕೆಳಗೆ, ತಿರುವಿನ ಒಳಮಗ್ಗುಲಿನ ಮರಳಿನಲ್ಲಿ ಸಿಕ್ಕಿತು. ಬಣ್ಣ ಅರ್ಧ ಕಿತ್ತುಹೋಗಿತ್ತು. ಅದರ ಮೇಲೆ ಬೇರೆ ಕಲ್ಲುಗಳು ಆಗಲೇ ಕೂತಿದ್ದವು.